ಪೆನ್ಸಿಲ್ಲಿನಲ್ಲಿ ಬರೆದ ಅರ್ಜಿ

ಕೋರ್ಟು ಎಂದರೆ ನಮ್ಮಲ್ಲಿ ಬಹಳ ಮಂದಿಗೆ ನೆನಪಾಗುವುದು ಸಿನಿಮಾ. ವಕೀಲರು ಗುಡುಗುತ್ತಾರೆ, ನ್ಯಾಯಾಧೀಶರು ಸುತ್ತಿಗೆ ಕುಟ್ಟುತ್ತಾರೆ, ಕೊನೆಗೆ ಸತ್ಯ ಗೆಲ್ಲುತ್ತದೆ. ಆದರೆ ಕಟಕಟೆಯಲ್ಲಿ ನಿಂತವನ ಬಳಿ ವಕೀಲರಿಗೆ ಕೊಡಲು ದುಡ್ಡೇ ಇಲ್ಲದಿದ್ದರೆ? ಈ ಪ್ರಶ್ನೆಗೆ ಅಮೆರಿಕದ ಸುಪ್ರೀಂ ಕೋರ್ಟು ಉತ್ತರ ಕೊಡಲೇಬೇಕಾಗುವಂತೆ ಮಾಡಿದವನು ದೊಡ್ಡ ನಾಯಕನಲ್ಲ, ಕಾನೂನು ಪಂಡಿತನೂ ಅಲ್ಲ. ಎಂಟನೇ ತರಗತಿಗೇ ಶಾಲೆ ಬಿಟ್ಟಿದ್ದ, ಜೈಲಿಗೆ ಹೋಗಿ ಬಂದು ರೂಢಿಯಾಗಿದ್ದ ಒಬ್ಬ ಬಡವ. ಹೆಸರು ಕ್ಲಾರೆನ್ಸ್ ಅರ್ಲ್ ಗಿಡಿಯನ್.

ಗಿಡಿಯನ್ ಹುಟ್ಟಿದ್ದು 1910ರಲ್ಲಿ, ಮಿಸೌರಿ ರಾಜ್ಯದ ಹ್ಯಾನಿಬಲ್ ಎಂಬ ಊರಿನಲ್ಲಿ. ಮೂರು ವರ್ಷದ ಮಗುವಾಗಿದ್ದಾಗಲೇ ತಂದೆ ತೀರಿಕೊಂಡರು. ಹದಿಹರೆಯದಲ್ಲಿ ಮನೆ ಬಿಟ್ಟು ಓಡಿಹೋದ. ಆಮೇಲಿನ ಬದುಕು ಒಂದೇ ತರಹದ್ದು. ಸಣ್ಣಪುಟ್ಟ ಕಳ್ಳತನ, ಜೈಲು, ಬಿಡುಗಡೆ, ಎಲ್ಲೋ ಸಿಕ್ಕ ಕೆಲಸ, ಮತ್ತೆ ಜೈಲು. ಐವತ್ತರ ಹೊತ್ತಿಗೆ ಕೈಯಲ್ಲಿ ಕಾಸಿರಲಿಲ್ಲ, ಊರಿನಲ್ಲಿ ಒಳ್ಳೆಯ ಹೆಸರೂ ಇರಲಿಲ್ಲ.

1961ರ ಜೂನ್ 3ರ ನಸುಕಿನಲ್ಲಿ ಫ್ಲೋರಿಡಾದ ಪನಾಮಾ ಸಿಟಿಯ ಒಂದು ಪೂಲ್ ಆಟದ ಅಂಗಡಿಗೆ ಕಳ್ಳರು ನುಗ್ಗಿದರು. ಹೋದದ್ದು ಯಂತ್ರಗಳಲ್ಲಿದ್ದ ಚಿಲ್ಲರೆ ಕಾಸು, ಒಂದಷ್ಟು ಬಿಯರು ಮತ್ತು ತಂಪು ಪಾನೀಯ. ಗಿಡಿಯನ್ ಒಳಗಿದ್ದುದನ್ನು ಕಿಟಕಿಯಿಂದ ನೋಡಿದೆ ಎಂದು ಒಬ್ಬ ಸಾಕ್ಷಿ ಹೇಳಿದ. ಪೊಲೀಸರು ಹಿಡಿದಾಗ ಗಿಡಿಯನ್ ಜೇಬಿನಲ್ಲಿ ಚಿಲ್ಲರೆ ನಾಣ್ಯಗಳಿದ್ದವು. ಅಷ್ಟು ಸಾಕಾಯಿತು.

ಆಗಸ್ಟ್ 4ರಂದು ವಿಚಾರಣೆ. ತನಗೊಬ್ಬ ವಕೀಲರನ್ನು ಕೊಡಿ ಎಂದು ಗಿಡಿಯನ್ ಕೇಳಿಕೊಂಡ. ನ್ಯಾಯಾಧೀಶರು ಆಗುವುದಿಲ್ಲ ಎಂದರು. ಅವರು ಕ್ರೂರಿಯಾಗಿದ್ದರು ಎಂದಲ್ಲ. ಮರಣದಂಡನೆ ಆಗಬಹುದಾದ ಪ್ರಕರಣಗಳಲ್ಲಿ ಮಾತ್ರ ಬಡ ಆರೋಪಿಗೆ ಸರ್ಕಾರದ ಖರ್ಚಿನಲ್ಲಿ ವಕೀಲರನ್ನು ನೇಮಿಸಬಹುದು ಎಂದು ಆಗಿನ ಫ್ಲೋರಿಡಾ ಕಾನೂನು ಹೇಳುತ್ತಿತ್ತು. ರಾಜ್ಯಗಳ ಕೋರ್ಟುಗಳು ಪ್ರತಿಯೊಬ್ಬ ಬಡ ಆರೋಪಿಗೂ ವಕೀಲರನ್ನು ಕೊಡಬೇಕಿಲ್ಲ, ವಿಶೇಷ ಸಂದರ್ಭಗಳಲ್ಲಿ ಕೊಟ್ಟರೆ ಸಾಕು ಎಂದು 1942ರಲ್ಲಿ ಸುಪ್ರೀಂ ಕೋರ್ಟೇ ತೀರ್ಪು ಕೊಟ್ಟಿತ್ತು.

ಹಾಗಾಗಿ ಗಿಡಿಯನ್ ತನ್ನ ವಕಾಲತ್ತನ್ನು ತಾನೇ ಮಾಡಿಕೊಂಡ. ಸಾಕ್ಷಿಗಳನ್ನು ಕರೆಸಿದ, ಪ್ರಶ್ನೆ ಕೇಳಿದ, ತಾನು ನಿರಪರಾಧಿ ಎಂದು ವಾದಿಸಿದ. ಆದರೆ ಸಾಕ್ಷಿಯೊಬ್ಬನ ಮಾತಿನಲ್ಲಿ ಎಲ್ಲಿ ಬಿರುಕಿದೆ, ಅಲ್ಲಿ ಯಾವ ಪ್ರಶ್ನೆ ಹಾಕಬೇಕು ಎಂಬುದು ಕಲಿತವರಿಗಷ್ಟೇ ಗೊತ್ತಾಗುವ ವಿದ್ಯೆ. ಊರಿನ ಆರು ಮಂದಿ ಸಾಮಾನ್ಯ ಜನರಿದ್ದ ಜ್ಯೂರಿ ಆತ ತಪ್ಪಿತಸ್ಥ ಎಂದಿತು. ಐದು ವರ್ಷ ಜೈಲು ಶಿಕ್ಷೆಯಾಯಿತು.

ಬೇರೆಯವರಾಗಿದ್ದರೆ ಹಣೆಬರಹ ಎಂದು ಸುಮ್ಮನಾಗುತ್ತಿದ್ದರೇನೋ. ಗಿಡಿಯನ್ ಜೈಲಿನಲ್ಲಿ ಕಾನೂನು ಪುಸ್ತಕ ಹಿಡಿದು ಕುಳಿತ. ತನ್ನನ್ನು ಬಂಧನದಲ್ಲಿಟ್ಟಿರುವುದೇ ಅಕ್ರಮ ಎಂದು ಮೊದಲು ಫ್ಲೋರಿಡಾದ ಸುಪ್ರೀಂ ಕೋರ್ಟಿಗೆ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಿದ. ಅದು ವಜಾ ಆಯಿತು. ಉಳಿದದ್ದು ವಾಷಿಂಗ್ಟನ್ನಿನ ಸುಪ್ರೀಂ ಕೋರ್ಟ್ ಒಂದೇ. ಜೈಲಿನವರು ಕೊಟ್ಟ ಗೆರೆ ಕಾಗದದ ಮೇಲೆ ಪೆನ್ಸಿಲ್ಲಿನಲ್ಲಿ, ತಪ್ಪು ಕಾಗುಣಿತದ ಇಂಗ್ಲಿಷಿನಲ್ಲಿ ಅರ್ಜಿ ಬರೆದು ಕಳಿಸಿದ.

ಆ ಅರ್ಜಿಯೂ ಮೊದಲ ಸಲ ವಾಪಸ್ ಬಂತು! ತಾನು ಬಡವ ಎಂಬ ಪ್ರಮಾಣಪತ್ರವನ್ನು ಆತ ಲಗತ್ತಿಸಿರಲಿಲ್ಲ. ಕೆಲಸಕ್ಕೆ ಅರ್ಜಿ ಹಾಕಿ, ಯಾವುದೋ ಒಂದು ದಾಖಲೆ ಇಲ್ಲವೆಂದು ತಿರಸ್ಕೃತರಾದವರಿಗೆ ಈ ಸಂಕಟ ಅರ್ಥವಾಗುತ್ತದೆ. ಆದರೆ ಕೋರ್ಟಿನ ಕಚೇರಿಯವರು ಬರೀ ವಾಪಸ್ ಕಳಿಸಲಿಲ್ಲ. ಏನು ತಪ್ಪಾಗಿದೆ ಎಂದು ತಿಳಿಸಿ, ನಿಯಮಗಳ ಪ್ರತಿಯನ್ನೂ ಪ್ರಮಾಣಪತ್ರದ ಮಾದರಿಯನ್ನೂ ಜೊತೆಗಿಟ್ಟು ಕಳಿಸಿದರು. ದುಡ್ಡಿದ್ದವರು ಶುಲ್ಕ ಕಟ್ಟಿ, ಅಚ್ಚು ಮಾಡಿಸಿದ ಹಲವು ಪ್ರತಿಗಳನ್ನು ಸಲ್ಲಿಸಬೇಕಿತ್ತು. ಬಡವರಿಗೆ ಶುಲ್ಕವಿಲ್ಲ, ಕೈಬರಹದ ಒಂದು ಪ್ರತಿಯೂ ನಡೆಯುತ್ತಿತ್ತು. ಗಿಡಿಯನ್ ಮತ್ತೆ ಬರೆದು ಕಳಿಸಿದ. 1962ರ ಜನವರಿಯಲ್ಲಿ ಅದು ಕೋರ್ಟು ತಲುಪಿತು.

ಅಲ್ಲಿಗೆ ಬರುವ ಸಾವಿರಾರು ಅರ್ಜಿಗಳಲ್ಲಿ ವಿಚಾರಣೆಗೆ ಬರುವುದು ಕೆಲವೇ. ಒಂಬತ್ತು ನ್ಯಾಯಮೂರ್ತಿಗಳಲ್ಲಿ ನಾಲ್ವರಾದರೂ ಒಪ್ಪಬೇಕು. ಗಿಡಿಯನ್ ಅರ್ಜಿ ಆ ಜರಡಿಯಲ್ಲಿ ಉಳಿಯಿತು. ಆತನ ಪರ ವಾದಿಸಲು ಕೋರ್ಟೇ ಏಬ್ ಫೋರ್ಟಾಸ್ ಎಂಬ ಹೆಸರಾಂತ ವಕೀಲರನ್ನು ನೇಮಿಸಿತು. ಬಡ ಆರೋಪಿಗೆ ವಕೀಲರು ಬೇಕೇ ಎಂಬ ಪ್ರಶ್ನೆಯನ್ನು ತೀರ್ಮಾನಿಸಲು, ಆ ಬಡವನಿಗೆ ದೇಶದ ಒಳ್ಳೆಯ ವಕೀಲರೊಬ್ಬರನ್ನು ಕೊಡಲಾಯಿತು.

1963ರ ಮಾರ್ಚ್ 18ರಂದು ಒಂಬತ್ತೂ ಮಂದಿ ಒಮ್ಮತದ ತೀರ್ಪು ಕೊಟ್ಟರು. ಗಂಭೀರ ಅಪರಾಧದ ಆರೋಪ ಹೊತ್ತವನಿಗೆ ವಕೀಲರನ್ನು ಇಟ್ಟುಕೊಳ್ಳುವ ಶಕ್ತಿ ಇಲ್ಲದಿದ್ದರೆ ಸರ್ಕಾರವೇ ಒದಗಿಸಬೇಕು, ಇಲ್ಲದಿದ್ದರೆ ಅದು ನ್ಯಾಯಯುತ ವಿಚಾರಣೆಯಲ್ಲ ಎಂಬುದು ಅದರ ಸಾರ. ತೀರ್ಪು ಬರೆದವರು ಹ್ಯೂಗೊ ಬ್ಲ್ಯಾಕ್. 1942ರ ತೀರ್ಪಿಗೆ ಭಿನ್ನಮತ ಬರೆದಿದ್ದವರೂ ಅವರೇ. ಅಂದಿನ ಅಲ್ಪಮತ ಇಪ್ಪತ್ತೊಂದು ವರ್ಷಗಳ ನಂತರ ಕಾನೂನಾಯಿತು.

ಇಲ್ಲಿ ನಾವು ಗಮನಿಸಬೇಕಾದ ವಿಷಯವೊಂದಿದೆ. ಗಿಡಿಯನ್ ನಿರಪರಾಧಿ ಎಂದು ಸುಪ್ರೀಂ ಕೋರ್ಟು ಹೇಳಲಿಲ್ಲ. ಕಳ್ಳತನ ಮಾಡಿದವರು ಯಾರು ಎಂಬ ಗೋಜಿಗೇ ಹೋಗಲಿಲ್ಲ. ವಿಚಾರಣೆ ನಡೆದ ರೀತಿ ಸರಿಯಿಲ್ಲ, ಮತ್ತೆ ನಡೆಸಿ ಎಂದಿತು, ಅಷ್ಟೆ. ತೀರ್ಪು ಹೇಗೆ ಬಂತು ಎಂಬುದೂ ತೀರ್ಪಿನಷ್ಟೇ ಮುಖ್ಯ.

ಅದೇ ವರ್ಷ ಆಗಸ್ಟ್ 5ರಂದು ಮರುವಿಚಾರಣೆ ನಡೆಯಿತು. ಅದೇ ಪನಾಮಾ ಸಿಟಿ, ಅದೇ ನ್ಯಾಯಾಧೀಶರು, ಅದೇ ಮುಖ್ಯ ಸಾಕ್ಷಿ. ಜ್ಯೂರಿಯಲ್ಲಿ ಹೊಸಬರಿದ್ದರು. ಅದು ಬಿಟ್ಟರೆ ಬದಲಾದದ್ದು ಒಂದೇ, ಗಿಡಿಯನ್ ಪಕ್ಕದಲ್ಲಿ ಫ್ರೆಡ್ ಟರ್ನರ್ ಎಂಬ ಸ್ಥಳೀಯ ವಕೀಲರಿದ್ದರು. ಎಂಜಿನಿಯರಿಂಗ್ ಓದುವ ನಮಗೆ ಲ್ಯಾಬಿನಲ್ಲಿ ಹೇಳಿಕೊಡುವುದೂ ಇದನ್ನೇ. ಉಳಿದುದನ್ನೆಲ್ಲ ಹಾಗೇ ಇಟ್ಟು ಒಂದನ್ನು ಮಾತ್ರ ಬದಲಾಯಿಸಿ, ಫಲಿತಾಂಶ ನೋಡಿ.

ಟರ್ನರ್ ಮೊದಲೇ ಊರಿನಲ್ಲಿ ಓಡಾಡಿ ವಿಷಯ ಸಂಗ್ರಹಿಸಿದ್ದರು. ಪಾಟೀಸವಾಲಿನಲ್ಲಿ ಮುಖ್ಯ ಸಾಕ್ಷಿಯನ್ನೇ ಸಂಶಯದ ನೆರಳಿಗೆ ತಂದರು. ಅಂದು ಬೆಳಿಗ್ಗೆ ಗಿಡಿಯನ್‌ನನ್ನು ಕರೆದೊಯ್ದ ಟ್ಯಾಕ್ಸಿ ಚಾಲಕನ ಮಾತು ಮೊದಲ ವಿಚಾರಣೆಯಲ್ಲಿ ಆತನಿಗೇ ಮುಳುವಾಗಿತ್ತು. ತನ್ನನ್ನು ಕರೆದೊಯ್ದ ಸಂಗತಿ ಯಾರಿಗೂ ಹೇಳಬೇಡ ಎಂದು ಗಿಡಿಯನ್ ಹೇಳಿದ್ದ ಎಂಬುದು ಆ ಮಾತು. ಮೊದಲೂ ಹೀಗೆ ಹೇಳಿದ್ದನೇ ಎಂದು ಟರ್ನರ್ ಕೇಳಿದರು. ಹೌದು, ಹೆಂಡತಿಯೊಂದಿಗೆ ತಕರಾರು ಇದ್ದುದರಿಂದ ಹಿಂದೆಯೂ ಹಾಗೆ ಹೇಳುತ್ತಿದ್ದ ಎಂದು ಚಾಲಕ ಉತ್ತರಿಸಿದ. ಒಂದೇ ಪ್ರಶ್ನೆಗೆ ಸಾಕ್ಷ್ಯದ ಅರ್ಥವೇ ತಿರುಗಿತು. ಜ್ಯೂರಿ ಸುಮಾರು ಒಂದು ಗಂಟೆ ಚರ್ಚಿಸಿ ಗಿಡಿಯನ್ ನಿರಪರಾಧಿ ಎಂದಿತು. ಅಷ್ಟರಲ್ಲಿ ಆತನ ಬದುಕಿನ ಎರಡು ವರ್ಷ ಕಂಬಿಯ ಹಿಂದೆ ಕಳೆದುಹೋಗಿತ್ತು.

ವಕೀಲರಿಲ್ಲದೆ ಶಿಕ್ಷೆಗೊಳಗಾಗಿದ್ದ ಎಷ್ಟೋ ಕೈದಿಗಳಿಗೆ ಈ ತೀರ್ಪಿನಿಂದ ಬಾಗಿಲು ತೆರೆಯಿತು. ಬಡ ಆರೋಪಿಗಳಿಗಾಗಿಯೇ ಫ್ಲೋರಿಡಾ ಸರ್ಕಾರಿ ವಕೀಲರ ವ್ಯವಸ್ಥೆ ಮಾಡಿತು. ಗಿಡಿಯನ್ ಮಾತ್ರ ಶ್ರೀಮಂತನಾಗಲಿಲ್ಲ. 1972ರಲ್ಲಿ, 61ನೇ ವಯಸ್ಸಿನಲ್ಲಿ ಬಡವನಾಗಿಯೇ ತೀರಿಕೊಂಡ.

ಆತನ ಪ್ರಕರಣ ನಮ್ಮ ದೇಶಕ್ಕೂ ಬಂದಿದೆ. 1978ರಲ್ಲಿ ಹೋಸ್ಕೋಟ್ ಪ್ರಕರಣದ ತೀರ್ಪಿನಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಗಿಡಿಯನ್ ಪ್ರಕರಣವನ್ನು ಸ್ಮರಿಸಿದ್ದಾರೆ. ಅದಕ್ಕೂ ಮುಂಚೆ, 1976ರಲ್ಲಿ, ಉಚಿತ ಕಾನೂನು ನೆರವಿನ 39ಎ ವಿಧಿ ನಮ್ಮ ಸಂವಿಧಾನಕ್ಕೆ ಸೇರಿತ್ತು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಬಂಧನದಲ್ಲಿರುವವರು, ಕಡಿಮೆ ಆದಾಯದವರು ಉಚಿತವಾಗಿ ವಕೀಲರನ್ನು ಕೇಳಬಹುದು. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೋ ತಾಲ್ಲೂಕಿನ ಸಮಿತಿಗೋ ಅರ್ಜಿ ಕೊಡಬಹುದು. ಸಹಾಯವಾಣಿ 15100.

ಪದವಿ ಪಡೆದ ನಮ್ಮಲ್ಲೇ ಎಷ್ಟು ಮಂದಿಗೆ ಈ ಸಂಖ್ಯೆ ಗೊತ್ತು? ಹಕ್ಕು ಪುಸ್ತಕದಲ್ಲಿದ್ದರೆ ಸಾಲದು, ಕೇಳುವವರು ಬೇಕು. ಎಂಟನೇ ತರಗತಿ ಓದಿದ ಗಿಡಿಯನ್ ಕೇಳಿದ, ಇಲ್ಲ ಎಂದಾಗ ಮೇಲಿನ ಮೆಟ್ಟಿಲಿಗೆ ಹೋಗಿ ಕೇಳಿದ, ಅರ್ಜಿ ವಾಪಸ್ ಬಂದಾಗ ಸರಿಮಾಡಿ ಮತ್ತೆ ಕೇಳಿದ. ಓದು ಬಲ್ಲ ನಾವು ಕನಿಷ್ಠ ನಮ್ಮ ಬೀದಿಯಲ್ಲಿ ಕೋರ್ಟಿನ ಹೆಸರು ಕೇಳಿದರೇ ನಡುಗುವ ಒಬ್ಬರಿಗಾದರೂ ಈ ದಾರಿ ತೋರಿಸಬಹುದಲ್ಲವೇ?