ಪಟ್ಟಿಯ ತಳದಿಂದ ಮೇಲಕ್ಕೆ: ಹರ್ಬರ್ಟ್ ಚಾಪ್‌ಮನ್ ಎಂಬ ಗಣಿ ಎಂಜಿನಿಯರ್

1925ರ ಅಕ್ಟೋಬರ್ 3, ಶನಿವಾರ. ಇಂಗ್ಲೆಂಡಿನ ಉತ್ತರದ ತುದಿಯಲ್ಲಿರುವ ನ್ಯೂಕಾಸಲ್ ಊರಲ್ಲಿ ಒಂದು ಫುಟ್‌ಬಾಲ್ ಮ್ಯಾಚ್ ಮುಗೀತು. ನ್ಯೂಕಾಸಲ್ 7, ಆರ್ಸೆನಲ್ 0. ಏಳು ಗೋಲ್ ತಿಂದ ತಂಡಕ್ಕೆ ಹೊಸ ಮ್ಯಾನೇಜರ್ ಬಂದು ಹೆಚ್ಚುಕಮ್ಮಿ ನಾಲ್ಕು ತಿಂಗಳಾಗಿತ್ತು ಅಷ್ಟೇ. ಹಿಂದಿನ ವರ್ಷ ಈ ತಂಡ 22 ತಂಡಗಳ ಪಟ್ಟಿಯಲ್ಲಿ 20ನೇ ಸ್ಥಾನದಲ್ಲಿತ್ತು. ಕೆಳಗಿನ ಎರಡು ತಂಡಗಳು ಎರಡನೇ ಡಿವಿಷನ್‌ಗೆ ಇಳಿದವು, ಇವರು ಅದರ ಮೇಲಿನ ಸಾಲಲ್ಲಿ ನಿಂತು ಉಸಿರು ಬಿಟ್ಟಿದ್ದರು.

ಕ್ರಿಕೆಟ್ ಮಾತ್ರ ನೋಡುವವರಿಗೆ ಈ ಭಯ ಗೊತ್ತಾಗೋದು ಕಷ್ಟ. ನಮ್ಮ ಆರ್‌ಸಿಬಿ 2017ರಲ್ಲೂ 2019ರಲ್ಲೂ ಕೊನೆಯ ಸ್ಥಾನಕ್ಕೆ ಬಂತು. ಏನಾಯ್ತು? ಮುಂದಿನ ವರ್ಷ ಅದೇ ಜರ್ಸಿ ಹಾಕ್ಕೊಂಡು ಬಂದು ಆಡಿದರು. ಇಂಗ್ಲೆಂಡಿನ ಫುಟ್‌ಬಾಲ್ ಲೀಗ್‌ನಲ್ಲಿ ಹಾಗಲ್ಲ. ತಳಕ್ಕೆ ಬಿದ್ದರೆ ಕೆಳಗಿನ ಡಿವಿಷನ್. ಅಲ್ಲಿ ಟಿಕೆಟ್ ಹಣ ಕಡಿಮೆ, ಒಳ್ಳೆಯ ಆಟಗಾರರು ನಿಲ್ಲೋದಿಲ್ಲ, ಮತ್ತೆ ಮೇಲೆ ಬರೋಕೆ ಎಷ್ಟು ವರ್ಷ ಬೇಕೋ ದೇವರಿಗೇ ಗೊತ್ತು. ಇಡೀ ಜೀವನ ಇಂಥ ತಳದ ತಂಡಗಳನ್ನೇ ಹಿಡಿದು ಮೇಲೆತ್ತಿದ ಮನುಷ್ಯ ಹರ್ಬರ್ಟ್ ಚಾಪ್‌ಮನ್. ಇನ್ನೊಂದು ವಿಷಯ, ಆತ ನಮ್ಮ ಪೈಕಿಯವನೇ. ಓದಿದ್ದು ಮೈನಿಂಗ್ ಎಂಜಿನಿಯರಿಂಗ್.

ಹುಟ್ಟಿದ್ದು 1878ರ ಜನವರಿ 19ರಂದು, ಯಾರ್ಕ್‌ಶೈರ್ ಸೀಮೆಯ ಕಿವೆಟನ್ ಪಾರ್ಕ್ ಎಂಬ ಕಲ್ಲಿದ್ದಲು ಗಣಿಯ ಹಳ್ಳಿಯಲ್ಲಿ. ಅಪ್ಪ ಗಣಿ ಕಾರ್ಮಿಕ. ಅಂಥ ಊರಲ್ಲಿ ಹುಟ್ಟಿದ ಹುಡುಗ ದೊಡ್ಡವನಾದ ಮೇಲೆ ಗಣಿಗೆ ಇಳಿಯೋದು ಬರೆದಿಟ್ಟ ಹಾಗೆ. ಹರ್ಬರ್ಟ್ ಮಾತ್ರ ಶೆಫೀಲ್ಡ್‌ನ ಟೆಕ್ನಿಕಲ್ ಕಾಲೇಜು ಸೇರಿದ. ಆಟವನ್ನೂ ಬಿಡಲಿಲ್ಲ. ಆದರೆ ಆಟದಲ್ಲಿ ಹೆಸರು ಮಾಡಿದ್ದು ತಮ್ಮ ಹ್ಯಾರಿ. ಶೆಫೀಲ್ಡ್‌ನ ವೆಡ್ನೆಸ್‌ಡೇ ತಂಡದಲ್ಲಿ ಎರಡು ಸಲ ಲೀಗ್ ಗೆದ್ದವನು ಅವನು. ಅಣ್ಣನೋ ಊರೂರು ಅಲೆದ: ಸ್ಟೇಲಿಬ್ರಿಡ್ಜ್, ರಾಚ್‌ಡೇಲ್, ಗ್ರಿಮ್ಸ್‌ಬಿ, ಸ್ವಿಂಡನ್, ನಾರ್ಥಾಂಪ್ಟನ್, ನಾಟ್ಸ್ ಕೌಂಟಿ, ಟಾಟನ್‌ಹ್ಯಾಮ್. ಬಹಳ ಕಾಲ ಸಂಬಳವಿಲ್ಲದ ಅಮೆಚೂರ್ ಆಟಗಾರನಾಗಿಯೇ ಇದ್ದ, ಎಂಜಿನಿಯರ್ ಕೆಲಸ ಕೈಯಲ್ಲಿರಲಿ ಅಂತ. ಟಾಟನ್‌ಹ್ಯಾಮ್‌ನಲ್ಲಿ ಹಳದಿ ಬೂಟು ಹಾಕ್ಕೊಂಡು ಆಡುತ್ತಿದ್ದ ಅನ್ನೋದು ಬಿಟ್ಟರೆ ಆಟಗಾರನಾಗಿ ಆತನ ಬಗ್ಗೆ ಹೇಳೋಕೆ ಹೆಚ್ಚೇನೂ ಇಲ್ಲ.

1907ರಲ್ಲಿ ನಾರ್ಥಾಂಪ್ಟನ್ ತಂಡಕ್ಕೆ ಆಟಗಾರನೂ ಮ್ಯಾನೇಜರೂ ಆಗಬಲ್ಲ ಒಬ್ಬ ಬೇಕಾಗಿತ್ತು. ಟಾಟನ್‌ಹ್ಯಾಮ್‌ನ ಗೆಳೆಯ ವಾಲ್ಟರ್ ಬುಲ್‌ಗೆ ಬಂದ ಅವಕಾಶ ಅದು. ಬುಲ್ ಒಲ್ಲೆ ಅಂದು ಚಾಪ್‌ಮನ್ ಹೆಸರು ಹೇಳಿದ. ಸದರ್ನ್ ಲೀಗ್‌ನಲ್ಲಿ ಸತತ ಎರಡು ವರ್ಷ ಕೊನೆಯ ಸ್ಥಾನ ಪಡೆದಿದ್ದ ತಂಡ ಅದು. ಯಾರು ತಗೋತಾರೆ ಹೇಳಿ? ಅಲ್ಲಿ ಚಾಪ್‌ಮನ್‌ಗೆ ಒಂದು ವಿಷಯ ಹೊಳೆಯಿತು. ಎಷ್ಟು ಹೊತ್ತು ಎದುರಾಳಿಯ ಗೋಲ್ ಮುಂದೆ ಮುತ್ತಿಗೆ ಹಾಕ್ತೀವೋ ಅಷ್ಟೂ ಜನ ಅಲ್ಲೇ ಗುಂಪುಗೂಡಿ ದಾರಿಯೇ ಇಲ್ಲದಂತಾಗುತ್ತೆ. ಸ್ವಲ್ಪ ಹಿಂದೆ ಸರಿದರೆ ಅವರು ಮುಂದೆ ಬರ್ತಾರೆ, ಹಿಂದೆ ಜಾಗ ತೆರೆಯುತ್ತೆ. ಇವತ್ತು ಕೌಂಟರ್ ಅಟ್ಯಾಕ್ ಅಂತ ಟಿವಿಯಲ್ಲಿ ದಿನಾ ಕೇಳ್ತೀವಲ್ಲ, ಅದೇ. 1909ರಲ್ಲಿ ನಾರ್ಥಾಂಪ್ಟನ್ ಚಾಂಪಿಯನ್.

1912ರಲ್ಲಿ ಲೀಡ್ಸ್ ಸಿಟಿ. ಇದೂ ಅದೇ ಕತೆ: ಎರಡನೇ ಡಿವಿಷನ್‌ನಲ್ಲಿ ಕೆಳಗಿನಿಂದ ಎರಡನೆಯದು, ಲೀಗ್‌ನಲ್ಲಿ ಉಳಿಯೋಕೆ ಉಳಿದ ಕ್ಲಬ್‌ಗಳ ವೋಟು ಕೇಳಬೇಕಾದ ಪರಿಸ್ಥಿತಿ. ಉಳಿದುಕೊಂಡರು. ಮೊದಲ ವರ್ಷ 6ನೇ ಸ್ಥಾನ, ಎರಡನೇ ವರ್ಷ 4ನೇದು. ಅಷ್ಟರಲ್ಲಿ ಮಹಾಯುದ್ಧ ಬಂತು. 1916ರಲ್ಲಿ ಚಾಪ್‌ಮನ್ ಫುಟ್‌ಬಾಲ್ ಬಿಟ್ಟು ಲೀಡ್ಸ್ ಹತ್ತಿರದ ಬಾರ್ನ್‌ಬೋ ಮದ್ದುಗುಂಡು ಕಾರ್ಖಾನೆಯ ಆಡಳಿತಕ್ಕೆ ಹೋದ.

ಆತನ ಬದುಕಲ್ಲಿ ನಿಜವಾದ ರೆಲಿಗೇಷನ್ ಆಗಿದ್ದು ಯುದ್ಧ ಮುಗಿದ ಮೇಲೆ. ಯುದ್ಧಕಾಲದಲ್ಲಿ ಆಟಗಾರರಿಗೆ ನಿಯಮ ಮೀರಿ ದುಡ್ಡು ಕೊಟ್ಟ ಆರೋಪ ಲೀಡ್ಸ್ ಸಿಟಿ ಮೇಲೆ ಬಂತು. ಲೆಕ್ಕದ ಪುಸ್ತಕ ಕೊಡಿ ಅಂದರೆ ಕ್ಲಬ್ಬಿನವರು ಕೊಡಲಿಲ್ಲ. 1919ರ ಅಕ್ಟೋಬರ್‌ನಲ್ಲಿ ತಂಡವನ್ನೇ ಲೀಗ್‌ನಿಂದ ಹೊರಹಾಕಿದರು. ಆಟಗಾರರನ್ನು ಲೀಡ್ಸ್‌ನ ಒಂದು ಹೋಟೆಲಿನಲ್ಲಿ ಹರಾಜು ಹಾಕಿದರು, ಅಕ್ಷರಶಃ ಹರಾಜು. ಚಾಪ್‌ಮನ್‌ಗೆ ಫುಟ್‌ಬಾಲ್‌ನಿಂದ ನಿಷೇಧ. ಆತ ಸೆಲ್ಬಿ ಊರಿನ ಒಂದು ಎಣ್ಣೆ–ಹಿಂಡಿ ಕಾರ್ಖಾನೆಯಲ್ಲಿ ಸೂಪರಿಂಟೆಂಡೆಂಟ್ ಆದ. 1920ರ ಕೊನೆಗೆ ಆ ಕೆಲಸವೂ ಹೋಯ್ತು. ವಯಸ್ಸು 42, ಕೈಯಲ್ಲಿ ಕೆಲಸ ಇಲ್ಲ, ಗೊತ್ತಿರೋ ಆಟಕ್ಕೆ ಪ್ರವೇಶ ಇಲ್ಲ.

ಹಡರ್ಸ್‌ಫೀಲ್ಡ್ ಟೌನ್ ಕ್ಲಬ್ಬಿನವರು ಆತನ ಪರವಾಗಿ ಅಪೀಲು ಹಾಕಿದರು. ಆರೋಪದ ಕಾಲದಲ್ಲಿ ಆತ ಮದ್ದುಗುಂಡು ಕಾರ್ಖಾನೆಯಲ್ಲಿದ್ದ ಅನ್ನೋದು ಅವರ ವಾದ. ನಿಷೇಧ ತೆರವಾಯ್ತು. 1921ರಲ್ಲಿ ಹಡರ್ಸ್‌ಫೀಲ್ಡ್ ಸೇರಿದ, 1922ರಲ್ಲಿ ಎಫ್‌ಎ ಕಪ್ ಬಂತು, 1924ರಲ್ಲಿ ಲೀಗ್.

ಈ 1924ರ ಲೆಕ್ಕ ಮಾತ್ರ ಹೇಳಲೇಬೇಕು, ಕ್ಯಾಲ್ಕುಲೇಟರ್ ಇದ್ದರೆ ತೆಗೀರಿ. ಹಡರ್ಸ್‌ಫೀಲ್ಡ್, ಕಾರ್ಡಿಫ್ ಎರಡಕ್ಕೂ ಸಮ ಅಂಕ. ಆಗ ಗೋಲ್ ವ್ಯತ್ಯಾಸ ನೋಡುತ್ತಿರಲಿಲ್ಲ, ಹೊಡೆದ ಗೋಲನ್ನು ತಿಂದ ಗೋಲಿನಿಂದ ಭಾಗಿಸುತ್ತಿದ್ದರು. ಹಡರ್ಸ್‌ಫೀಲ್ಡ್ 60 ಭಾಗಿಸು 33, ಅಂದರೆ 1.818. ಕಾರ್ಡಿಫ್ 61 ಭಾಗಿಸು 34, ಅಂದರೆ 1.794. ಕಳೆದು ನೋಡಿದರೆ ಇಬ್ಬರದ್ದೂ 27. ಇವತ್ತಿನ ನಿಯಮ ಇದ್ದಿದ್ದರೆ ಒಂದು ಗೋಲ್ ಹೆಚ್ಚು ಹೊಡೆದ ಕಾರ್ಡಿಫ್ ಚಾಂಪಿಯನ್! ಕೊನೆಯ ದಿನ ಕಾರ್ಡಿಫ್ ಒಂದು ಪೆನಾಲ್ಟಿ ಬೇರೆ ಕಳ್ಕೊಂಡಿತ್ತು. ಮೂರನೇ ದಶಾಂಶ ಸ್ಥಾನಕ್ಕೆ ಯಾಕೆ ಮಾರ್ಕ್ಸ್ ಕಟ್ ಮಾಡ್ತಾರೆ ಅಂತ ಗೊಣಗುವವರು ಇದನ್ನು ಓದಿಕೊಳ್ಳಿ. 1925ರಲ್ಲೂ ಹಡರ್ಸ್‌ಫೀಲ್ಡ್‌ಗೇ ಲೀಗ್.

ಸತತ ಎರಡು ಸಲ ಚಾಂಪಿಯನ್ ಆದ ತಂಡ ಬಿಟ್ಟು 20ನೇ ಸ್ಥಾನದ ತಂಡಕ್ಕೆ ಹೋಗುವವರು ಎಷ್ಟು ಜನ ಇರ್ತಾರೆ? ಆರ್ಸೆನಲ್ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟಿತ್ತು. ವರ್ಷಕ್ಕೆ 2,000 ಪೌಂಡ್ ಸಂಬಳ, ಜೊತೆಗೆ ಲಂಡನ್. ಚಾಪ್‌ಮನ್ ಹೋದ. ಸಂಬಳವೂ ಒಂದು ಕಾರಣ ಇರಬೇಕು, ತಪ್ಪೇನಿಲ್ಲ. ಆದರೆ ಆತನ ಹಳೇ ದಾಖಲೆ ನೋಡಿದರೆ ತಳದ ತಂಡ ಅಂದರೆ ಆತನಿಗೆ ಏನೋ ಸೆಳೆತ ಇತ್ತು ಅಂತ ನನಗನ್ನಿಸುತ್ತೆ.

ಅದೇ ಬೇಸಿಗೆ ಆಫ್‌ಸೈಡ್ ನಿಯಮ ಬದಲಾಯ್ತು. ಅಲ್ಲಿವರೆಗೆ ಮುಂದಿರುವ ಆಟಗಾರನಿಗೂ ಗೋಲ್ ಗೆರೆಗೂ ನಡುವೆ ಮೂವರು ಎದುರಾಳಿಗಳಿರಬೇಕಿತ್ತು, ಈಗ ಇಬ್ಬರು ಸಾಕು. ಒಂದೇ ಅಂಕಿ ಬದಲಾಗಿದ್ದು. ಪರಿಣಾಮ ನೋಡಿ: ಮೊದಲ ಡಿವಿಷನ್‌ನಲ್ಲಿ ಹಿಂದಿನ ವರ್ಷ 1,192 ಗೋಲ್, ಆ ವರ್ಷ 1,703. ಎಲ್ಲ ತಂಡಗಳ ರಕ್ಷಣೆಯೂ ಕುಸಿಯಿತು. ಆರ್ಸೆನಲ್‌ನ 7–0 ಸೋಲು ಇದರ ನಡುವೆಯೇ ಆಗಿದ್ದು.

ಸೋತ ಸಂಜೆ ನಾಯಕ ಚಾರ್ಲಿ ಬಕನ್ ಸಿಟ್ಟಿನಲ್ಲಿದ್ದ. (ಈತನನ್ನು ಕೊಂಡ ರೀತಿಯೂ ತಮಾಷೆಯದೇ. ಮೊದಲು 2,000 ಪೌಂಡ್, ಆಮೇಲೆ ಮೊದಲ ಸೀಸನ್‌ನಲ್ಲಿ ಹೊಡೆದ ಪ್ರತಿ ಗೋಲಿಗೆ 100. ಆತ 21 ಹೊಡೆದ, ಲೆಕ್ಕ ನೀವೇ ಹಾಕ್ಕೊಳ್ಳಿ.) ಮೈದಾನದ ನಡುವೆ ಅಡ್ಡಾಡುವ ಸೆಂಟರ್ ಹಾಫ್‌ನನ್ನು ಹಿಂದಕ್ಕೆ ಕರೆದು ಇಬ್ಬರು ಫುಲ್‌ಬ್ಯಾಕ್‌ಗಳ ಮಧ್ಯೆ ನಿಲ್ಲಿಸಬೇಕು ಅನ್ನೋದು ಬಕನ್ ವಾದ. ಹಾಗೆ ಮಾಡಿದರೆ ನಡುವೆ ಖಾಲಿ ಬೀಳುತ್ತೆ, ಅದಕ್ಕೆ ಮುಂದಿನ ಸಾಲಿನ ಒಬ್ಬ ಹಿಂದೆ ಬರಬೇಕು. ಚಾಪ್‌ಮನ್ ಕೇಳಿಸಿಕೊಂಡ, ಒಪ್ಪಿದ. ಮ್ಯಾನೇಜರ್ ಆದವನು ಆಟಗಾರನ ಮಾತು ಕೇಳೋದು ಆ ಕಾಲಕ್ಕೆ ದೊಡ್ಡ ವಿಷಯ. ಹಿಂದೆ ಬರುವ ಕೆಲಸಕ್ಕೆ ಆರಿಸಿದ್ದು ಮೂರನೇ ತಂಡದಲ್ಲಿ ಆಡುತ್ತಿದ್ದ ಆ್ಯಂಡಿ ನೀಲ್‌ನನ್ನು. ಓಟ ನಿಧಾನ, ಆದರೆ ಚೆಂಡು ಕಾಲಿಗೆ ಅಂಟಿದ ಹಾಗೆ. ಎರಡೇ ದಿನದ ನಂತರ ಸೋಮವಾರ ವೆಸ್ಟ್ ಹ್ಯಾಮ್ ಮೈದಾನದಲ್ಲಿ ಆರ್ಸೆನಲ್ 4–0 ಗೆದ್ದಿತು. ಸೀಸನ್ ಮುಗಿದಾಗ ಎರಡನೇ ಸ್ಥಾನ. ಮೇಲಿಂದ ನೋಡಿದರೆ ಆಟಗಾರರು ನಿಂತ ರೀತಿ ಡಬ್ಲ್ಯು, ಎಂ ಅಕ್ಷರಗಳ ಹಾಗೆ ಕಾಣುತ್ತೆ ಅಂತ ಆ ವ್ಯವಸ್ಥೆಗೆ ಆಮೇಲೆ ಡಬ್ಲ್ಯುಎಂ ಅಂತ ಹೆಸರು ಬಂತು.

ಇಲ್ಲಿಂದ ಎಲ್ಲ ಸಲೀಸು ಅಂದುಕೊಂಡರೆ ತಪ್ಪು. 1927ರ ಕಪ್ ಫೈನಲ್‌ನಲ್ಲಿ ಗೋಲ್‌ಕೀಪರ್ ಕೈಯಿಂದ ಜಾರಿದ ಚೆಂಡಿನಿಂದ ಅದೇ ಕಾರ್ಡಿಫ್ ಎದುರು ಸೋಲು. ನಂತರ ಹಣ ಸುರಿದರು: ಡೇವಿಡ್ ಜ್ಯಾಕ್‌ಗೆ ಹತ್ತು ಸಾವಿರ ಪೌಂಡ್‌ಗೂ ಹೆಚ್ಚು, ಆಗಿನ ದಾಖಲೆ. ಪ್ರೆಸ್ಟನ್‌ನಿಂದ ಅಲೆಕ್ಸ್ ಜೇಮ್ಸ್, ಎಕ್ಸೆಟರ್‌ನಿಂದ ಇನ್ನೂ ಮೀಸೆ ಚಿಗುರದ ಕ್ಲಿಫ್ ಬ್ಯಾಸ್ಟಿನ್. ಆದರೂ 1929–30ರಲ್ಲಿ ತಂಡ ಮುಗ್ಗರಿಸಿತು. ಗೋಲ್ ಹೊಡೆದು ರೂಢಿಯಿದ್ದ ಜೇಮ್ಸ್‌ಗೆ ಹಿಂದೆ ನಿಂತು ಚೆಂಡು ಹಂಚುವ ಕೆಲಸ ಒಗ್ಗೋಕೆ ತಿಂಗಳುಗಳೇ ಹಿಡಿದವು. 42 ಮ್ಯಾಚ್‌ನಲ್ಲಿ 14 ಗೆಲುವು, 17 ಸೋಲು. ಕೊನೆಗೆ ಸಿಕ್ಕಿದ್ದು 14ನೇ ಸ್ಥಾನ. ಕೇಳೋಕೆ ಪರವಾಗಿಲ್ಲ ಅನ್ನಿಸುತ್ತೆ, ಆದರೆ ಅಂಕ 39. ಕೆಳಗಿಳಿದ ಬರ್ನ್‌ಲಿ ತಂಡದ್ದು 36. ಗೆಲುವಿಗೆ ಎರಡೇ ಅಂಕ ಕೊಡುತ್ತಿದ್ದ ಕಾಲ ಅದು. ಎರಡು ಮ್ಯಾಚ್ ಆಚೀಚೆ ಆಗಿದ್ದರೆ ಲಂಡನ್ನಿನ ಅತಿ ದುಬಾರಿ ತಂಡ ಎರಡನೇ ಡಿವಿಷನ್‌ನಲ್ಲಿರುತ್ತಿತ್ತು. ಐದು ವರ್ಷದಲ್ಲಿ ದೊಡ್ಡ ಟ್ರೋಫಿ ಒಂದೂ ಇಲ್ಲ.

ಆ ವರ್ಷ ತಂಡವನ್ನು ಎತ್ತಿ ಹಿಡಿದದ್ದು ಕಪ್. ಅದೂ ಸುಲಭಕ್ಕೆ ಸಿಗಲಿಲ್ಲ. ಸೆಮಿಫೈನಲ್‌ನಲ್ಲಿ ಎದುರಿದ್ದದ್ದು ಎರಡನೇ ಡಿವಿಷನ್‌ನ ಹಲ್ ಸಿಟಿ, ಆ ಸೀಸನ್‌ನಲ್ಲಿ ಅಲ್ಲಿಂದಲೂ ಕೆಳಗಿಳಿದ ತಂಡ. ಅಂಥವರ ಎದುರು 0–2 ಹಿಂದೆ. ಜ್ಯಾಕ್ ಒಂದು, ಬ್ಯಾಸ್ಟಿನ್ ಒಂದು ಹೊಡೆದು ಹೇಗೋ ಸಮ ಮಾಡಿದರು, ಮರುಪಂದ್ಯ 1–0. ಫೈನಲ್‌ಗೆ ಐದು ದಿನ ಮೊದಲು ಲೀಗ್‌ನಲ್ಲಿ ಲೆಸ್ಟರ್ ಎದುರು 6–6 ಡ್ರಾ. ನಾಲ್ಕು ಗೋಲ್ ಹೊಡೆದವನು ಡೇವಿಡ್ ಹ್ಯಾಲಿಡೇ. ಫೈನಲ್ ತಂಡದಲ್ಲಿ ಆತನ ಹೆಸರಿರಲಿಲ್ಲ! ಚಾಪ್‌ಮನ್ ಜ್ಯಾಕ್ ಲ್ಯಾಂಬರ್ಟ್‌ನನ್ನೇ ನಂಬಿದ. ಏಪ್ರಿಲ್ 26ರಂದು ವೆಂಬ್ಲಿಯಲ್ಲಿ ಎದುರಾದದ್ದು ಆತನದೇ ಹಳೇ ತಂಡ ಹಡರ್ಸ್‌ಫೀಲ್ಡ್. ಚಾಪ್‌ಮನ್‌ಗೆ ಗೌರವವೆಂದು ಎರಡೂ ತಂಡಗಳು ಪಕ್ಕಪಕ್ಕದಲ್ಲೇ ಮೈದಾನಕ್ಕೆ ಬಂದವು. ಆಟದ ನಡುವೆ ಜರ್ಮನಿಯ ದೈತ್ಯ ಗಾಳಿಹಡಗು ಗ್ರಾಫ್ ಝೆಪ್ಪೆಲಿನ್ ತಲೆ ಮೇಲೆ ಹಾದುಹೋಯ್ತು. ಜೇಮ್ಸ್ ಒಂದು, ಲ್ಯಾಂಬರ್ಟ್ ಒಂದು. 2–0.

ಮುಂದಿನ ಸೀಸನ್‌ನಲ್ಲಿ ಹೆಚ್ಚುಕಡಿಮೆ ಅದೇ ಆಟಗಾರರು 66 ಅಂಕ, 127 ಗೋಲ್‌ಗಳೊಂದಿಗೆ ಲೀಗ್ ಗೆದ್ದರು. 39ರಿಂದ 66!

ಆತ ಒಳ್ಳೆಯ ಮನುಷ್ಯನಾ ಅಂತ ಕೇಳಿದರೆ ಉತ್ತರ ಸುಲಭವಲ್ಲ. 1933ರ ಜನವರಿಯಲ್ಲಿ ಮೂರನೇ ಡಿವಿಷನ್‌ನ ವಾಲ್ಸಾಲ್ ಎದುರು ಕಪ್‌ನಲ್ಲಿ 2–0 ಸೋತಾಗ, ಪೆನಾಲ್ಟಿ ಬಿಟ್ಟುಕೊಟ್ಟ ಟಾಮಿ ಬ್ಲ್ಯಾಕ್‌ನನ್ನು ಕೆಲವೇ ದಿನಗಳಲ್ಲಿ ಪ್ಲಿಮತ್ ತಂಡಕ್ಕೆ ಮಾರಿಬಿಟ್ಟ. ಪಂದ್ಯದ ನಡುವೆ ತನ್ನನ್ನು ಮೀರಿ ಆಟಗಾರರಿಗೆ ಸೂಚನೆ ಕೂಗಿದ ಟ್ರೈನರ್‌ನನ್ನೂ ಹಿಂದೊಮ್ಮೆ ಹೀಗೇ ಕಳಿಸಿದ್ದ. ಕಷ್ಟದ ತಂಡ ಕಟ್ಟುವವರು ಹೀಗೇ ಇರಬೇಕು ಅಂತ ನಾನು ಹೇಳಲ್ಲ. ಬ್ಲ್ಯಾಕ್ ಪಾಪ, ಬದಲಿ ಆಟಗಾರನಾಗಿ ಬಂದ ಹುಡುಗ.

ಇನ್ನೊಂದು ಕಡೆ ಎಂಜಿನಿಯರ್ ತಲೆ ಸುಮ್ಮನಿರಲಿಲ್ಲ. 1928ರಲ್ಲೇ ಅಂಗಿಯ ಬೆನ್ನಿಗೆ ನಂಬರ್ ಹಾಕಿಸಿದ. ಫ್ಲಡ್‌ಲೈಟ್ ಕಟ್ಟಿಸಿದ, ಆದರೆ ಅಧಿಕೃತ ಪಂದ್ಯಕ್ಕೆ ಅನುಮತಿ ಸಿಗಲಿಲ್ಲ. 45 ನಿಮಿಷದ ದೊಡ್ಡ ಗಡಿಯಾರ ಇಡಿಸಿದ, ಅದಕ್ಕೂ ಎಫ್‌ಎ ತಕರಾರು. ಕೆಂಪು ಜರ್ಸಿಗೆ ಬಿಳಿ ತೋಳು ಸೇರಿದ್ದು 1933ರಲ್ಲಿ. ಮೈದಾನದ ಪಕ್ಕದ ಗಿಲೆಸ್ಪಿ ರೋಡ್ ಮೆಟ್ರೋ ಸ್ಟೇಷನ್ನಿಗೆ 1932ರಲ್ಲಿ ಆರ್ಸೆನಲ್ ಅಂತ ಹೆಸರು ಹಾಕಿಸಿದ್ದೂ ಈತನೇ. ಲಂಡನ್ನಿನಲ್ಲಿ ಇವತ್ತೂ ಅದೇ ಹೆಸರು.

1933ರಲ್ಲಿ ಎರಡನೇ ಸಲ ಲೀಗ್ ಗೆದ್ದರು. 1934ರ ಹೊಸ ವರ್ಷದ ದಿನ ಚಾಪ್‌ಮನ್ ಬರಿ ಊರಿಗೆ ಮ್ಯಾಚ್ ನೋಡೋಕೆ ಹೋದ, ಮರುದಿನ ಶೆಫೀಲ್ಡ್‌ಗೆ. ಚಳಿಗೆ ನೆಗಡಿ ಹಿಡಿಯಿತು. ಮನೆಯಲ್ಲಿ ಮಲಗಿ ಅಂತ ಡಾಕ್ಟರು ಹೇಳಿದರೂ ಕೇಳದೆ ಗಿಲ್ಡ್‌ಫರ್ಡ್‌ನಲ್ಲಿ ತನ್ನ ಮೂರನೇ ತಂಡದ ಆಟ ನೋಡೋಕೆ ಹೋದ. ಆ್ಯಂಡಿ ನೀಲ್ ಸಿಕ್ಕಿದ್ದೂ ಮೂರನೇ ತಂಡದಲ್ಲೇ ಅಲ್ವಾ. ನೆಗಡಿ ನ್ಯುಮೋನಿಯಾ ಆಯ್ತು. ಜನವರಿ 6ರ ಬೆಳಗಿನ ಜಾವ ತೀರಿಕೊಂಡ, 56 ತುಂಬೋಕೆ ಎರಡು ವಾರ ಬಾಕಿ ಇತ್ತು. ಅದು ಶನಿವಾರ. ಮಧ್ಯಾಹ್ನ ಹೈಬರಿ ಮೈದಾನದಲ್ಲಿ ಶೆಫೀಲ್ಡ್ ವೆಡ್ನೆಸ್‌ಡೇ ಜೊತೆ ಪಂದ್ಯ ಇತ್ತು, ತಮ್ಮ ಹ್ಯಾರಿ ಆಡುತ್ತಿದ್ದ ಅದೇ ಕ್ಲಬ್. ಪಂದ್ಯ ನಿಲ್ಲಿಸಲಿಲ್ಲ. ಆಟಗಾರರು ಇಳಿದು ಆಡಿದರು. 1–1 ಡ್ರಾ ಆಯ್ತು. ಪಟ್ಟಿಯಲ್ಲಿ ಒಂದು ಅಂಕ ಸೇರಿತು, ಆ ವರ್ಷವೂ ಲೀಗ್ ಆರ್ಸೆನಲ್‌ದೇ.