ದ್ಯಾಂಪುರದ ಕವಿಯ ಹಾದಿಯಲ್ಲಿ ಒಂದು ದಿನ

ಗೆಳೆಯರೇ, ಟೂರ್ ಅಂದರೆ ನಮ್ಮ ಕಾಲೇಜಿನವರ ಬಾಯಲ್ಲಿ ಮೊದಲು ಬರೋದು ಗೋವಾ, ಆಮೇಲೆ ಹಂಪಿ, ರೊಕ್ಕ ಕಡಿಮೆ ಇದ್ದರೆ ಅಂಜನಾದ್ರಿ. ಕವಿಯ ಊರು ನೋಡಬೇಕು ಅನ್ನೋ ಹುಚ್ಚು ಇದ್ದವರು ಕುಪ್ಪಳಿಗೆ ಹೋಗ್ತಾರೆ, ಇಲ್ಲಾ ಧಾರವಾಡದ ಸಾಧನಕೇರಿಗೆ. ನಮ್ಮ ಕೊಪ್ಪಳ ಜಿಲ್ಲೆಯಾಗೂ ಅಂಥ ಒಬ್ಬ ಕವಿ ಅದಾರ. ಅವರ ಒಂದು ಕವಿತೆಯ ಶೀರ್ಷಿಕೆ ನಾವೆಲ್ಲ ಕಲಿತ ಶಾಲೆಗಳ ಗೋಡೆ ಮ್ಯಾಲೆ ಇತ್ತು. ಆದರೆ ಅದನ್ನು ಬರೆದವರು ಯಾರು ಅಂತ ಕೇಳಿದರೆ ಹತ್ತರಾಗ ಒಬ್ಬರು ಹೇಳಿದರೆ ಹೆಚ್ಚು. ಆ ಕವಿತೆ 'ಮೊದಲು ಮಾನವನಾಗು'. ಬರೆದವರು ಸಿದ್ಧಯ್ಯ ಪುರಾಣಿಕರು. ಅವರ ಕಾವ್ಯನಾಮ ಕಾವ್ಯಾನಂದ.

ಅವರ ಬದುಕನ್ನು ಅವರು ಹುಟ್ಟಿ ಬೆಳೆದ ನೆಲದ ಮ್ಯಾಲೇ ತಿರುಗಾಡಿ ತಿಳಕೊಳ್ಳಾಕ ಒಂದು ದಿನ ಸಾಕು. ಗಂಗಾವತಿಯಿಂದ ಹೊರಟು ಕೊಪ್ಪಳ, ದ್ಯಾಂಪುರ, ಕುಕನೂರು, ಇಟಗಿ, ಯಲಬುರ್ಗಾ, ಕುಷ್ಟಗಿ ನೋಡಿ ಸಂಜೆಗೆ ವಾಪಸ್. ಬುತ್ತಿ ಕಟ್ಟಿಕೊಳ್ಳಿ, ನೀರಿನ ಬಾಟಲಿ ಮರೀಬೇಡಿ. ಬರ್ರಿ, ಹೋಗೂಣು.

ಗಂಗಾವತಿಯಿಂದ ಕೊಪ್ಪಳಕ್ಕೆ

ಗಂಗಾವತಿ ಬಿಡುವಾಗ ಕಿಟಕಿಯ ಹೊರಗೆ ಕಾಣೋದು ಭತ್ತದ ಗದ್ದೆ, ಕಾಲುವೆ, ರೈಸ್ ಮಿಲ್ಲು. ಈ ಹಸಿರು ಬಹಳ ಹಳೇದಲ್ಲ. ತುಂಗಭದ್ರಾ ಅಣೆಕಟ್ಟಿನ ನೀರು ಇಲ್ಲಿಗೆ ಬಂದದ್ದು 1950ರ ದಶಕದಲ್ಲಿ. ಇದನ್ನು ಈಗಲೇ ಕಣ್ಣಾಗ ತುಂಬಿಕೊಳ್ಳಿ. ಯಾಕಂದರೆ ಕವಿಯ ಊರಿನ ಕಡೆ ಹೋದಂತೆ ಕಾಲುವೆ ಹಿಂದೆ ಬೀಳುತ್ತದೆ. ಮುಂದೆ ಸಿಗೋದು ಎರಿ ಹೊಲ, ಜೋಳ, ಕಡಲೆ, ಮುಗಿಲು ನೋಡಿಕೊಂಡು ಬಿತ್ತುವ ಒಕ್ಕಲುತನ.

ಕೊಪ್ಪಳದಲ್ಲಿ ಇಳಿದು ಗವಿಮಠದ ಗುಡ್ಡ ಹತ್ತಿ. ಅಲ್ಲಿ ಅಶೋಕನ ಶಾಸನ ಇದೆ. ಇನ್ನೊಂದು ಪಾಲ್ಕಿಗುಂಡು ಬೆಟ್ಟದಲ್ಲಿದೆ. ಎರಡು ಸಾವಿರ ವರ್ಷಕ್ಕೂ ಹಿಂದಿನ ಅಕ್ಷರ ಇರುವ ಊರು ಇದು. 9ನೇ ಶತಮಾನದ ಕವಿರಾಜಮಾರ್ಗ ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ಹೆಸರಿಸಿದ ನಾಲ್ಕು ಊರುಗಳಲ್ಲಿ ಕೊಪಣವೂ ಒಂದು. ಆ ಕೊಪಣವೇ ನಮ್ಮ ಕೊಪ್ಪಳ.

ಇಂಥ ನಾಡಿನಲ್ಲೇ ಪುರಾಣಿಕರು ಹುಟ್ಟುವ ಹೊತ್ತಿಗೆ ಕನ್ನಡ ಅಂಗಳದ ಹೊರಗೆ ನಿಂತಿತ್ತು. ಆಗ ಇದು ಹೈದರಾಬಾದ್ ನಿಜಾಮರ ಸಂಸ್ಥಾನ. ಕೊಪ್ಪಳ, ಯಲಬುರ್ಗಾ ಎರಡೂ ಸಾಲಾರ್ ಜಂಗ್ ಜಹಗೀರಿಗೆ ಸೇರಿದ್ದವು. ಕಚೇರಿ, ಕೋರ್ಟು, ಮೇಲಿನ ಓದು ಎಲ್ಲ ಉರ್ದುವಿನಲ್ಲಿ. ಮನೆಯಲ್ಲಿ, ಹೊಲದಲ್ಲಿ, ಮಠದಲ್ಲಿ ಮಾತ್ರ ಕನ್ನಡ. ಈ ಒಂದು ಮಾತು ನೆನಪಿಟ್ಟುಕೊಂಡರೆ ಇವತ್ತಿನ ಹಾದಿಯೆಲ್ಲ ತಿಳೀತದ.

ದ್ಯಾಂಪುರ

ಕೊಪ್ಪಳದಿಂದ ಗದಗ ರಸ್ತೆ ಹಿಡಿದು ಭಾನಾಪುರದ ಹತ್ತಿರ ತಿರುಗಿದರೆ ತಳಕಲ್, ಅಲ್ಲಿಂದ ಕುಕನೂರು. ಕುಕನೂರನ್ನು ಹೊಳ್ಳಿ ಬರುವಾಗ ನೋಡೋಣ. ಮೊದಲು ಸಮೀಪದ ದ್ಯಾಂಪುರಕ್ಕೆ ನಡೀರಿ.

1918ರ ಜೂನ್ 18ರಂದು ಸಿದ್ಧಯ್ಯನವರು ಇಲ್ಲಿ ಹುಟ್ಟಿದರು. ಆಗ ಇದು ಯಲಬುರ್ಗಾ ತಾಲೂಕಿನ ಊರು. ತಂದೆ ಪಂಡಿತ ಕಲ್ಲಿನಾಥ ಶಾಸ್ತ್ರಿಗಳು, ತಾಯಿ ದಾನಮ್ಮ. ಪುರಾಣಿಕ ಅನ್ನೋದು ಬರೀ ಅಡ್ಡಹೆಸರಲ್ಲ, ಅದು ಮನೆತನದ ಕಸುಬು. ನಮ್ಮ ಕಡೆ ಶ್ರಾವಣ ಬಂತಂದರೆ ಮಠದಾಗ, ಗುಡಿಯಾಗ ರಾತ್ರಿ ಪುರಾಣ ಶುರು. ಒಬ್ಬರು ಪದ್ಯ ಓದ್ತಾರೆ, ಇನ್ನೊಬ್ಬರು ಅರ್ಥ ಬಿಡಿಸಿ ಹೇಳ್ತಾರೆ, ಹೊಲದಿಂದ ದಣಿದು ಬಂದ ಮಂದಿ ಕುಂತು ಕೇಳ್ತಾರೆ. ಅಕ್ಷರ ಬಾರದವರಿಗೂ ಹರಿಹರ, ಚಾಮರಸ ಗೊತ್ತಿರೋದು ಹೀಗೆ. ಅದೇ ಮನೆತನದ ಚನ್ನಕವಿಗಳು ಕುಂತಲ್ಲೇ ಪದ್ಯ ಕಟ್ಟುವ ಆಶುಕವಿ ಅಂತ ಹೆಸರಾದವರು. ಸರ್ಕಾರದ ಭಾಷೆ ಯಾವುದೇ ಇರಲಿ, ಈ ಮನೆಯಲ್ಲಿ ಕನ್ನಡ ಕಾವ್ಯ ದಿನದ ಊಟದಂಗ ಇತ್ತು.

ಊರ ಸುತ್ತಲಿನ ಹೊಲದ ಬದುವಿನ ಮೇಲೆ ಸ್ವಲ್ಪ ನಡೆಯಿರಿ. ಪುರಾಣಿಕರ ಒಂದು ಕವನ ಸಂಕಲನದ ಹೆಸರು 'ಚರಗ'. ಬೆಂಗಳೂರಿನ ಗೆಳೆಯರಿಗೆ ಈ ಪದ ಗೊತ್ತಿರಲಿಕ್ಕಿಲ್ಲ. ನಮ್ಮ ಯಲಬುರ್ಗಾ, ಕುಷ್ಟಗಿ ಕಡೆಯವರಿಗೆ ಬಿಡಿಸಿ ಹೇಳೋದೇ ಬೇಡ. ಎಳ್ಳ ಅಮವಾಸಿ ದಿನ ಚಕ್ಕಡಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಸಜ್ಜಿ ರೊಟ್ಟಿ, ಪುಂಡಿ ಪಲ್ಯ, ಕಡುಬು, ಶೇಂಗಾ ಹಿಂಡಿ ಎಲ್ಲಾ ಇಟ್ಟು ಭೂಮಿತಾಯಿಯ ಪೂಜೆ ಮಾಡಿ, ಆ ಅಡಿಗೆಯನ್ನೇ ಬೆಳೆದು ನಿಂತ ಪೈರಿಗೆ ಚೆಲ್ಲುತ್ತಾ ಹೊಲ ಸುತ್ತುತ್ತೇವಲ್ಲ, ಅದೇ ಚರಗ. ಮಣ್ಣಿನಿಂದ ಬಂದದ್ದರಲ್ಲಿ ಒಂದು ಪಾಲು ಮಣ್ಣಿಗೇ. ದೊಡ್ಡ ಹುದ್ದೆಯ ಮನುಷ್ಯನೊಬ್ಬ ತನ್ನ ಪುಸ್ತಕಕ್ಕೆ ಈ ಹೆಸರು ಇಟ್ಟರೆ ಅವರ ಮನಸ್ಸು ಎಲ್ಲಿ ಇತ್ತು ಅನ್ನೋದು ಗೊತ್ತಾಗುತ್ತದೆ. ಮಕ್ಕಳಿಗಾಗಿ ಬರೆದ ಪುಸ್ತಕಗಳಲ್ಲೂ ಹಂಗೇ. 'ತುಪ್ಪಾ ರೊಟ್ಟಿ ಗೇ ಗೇ ಗೇ' ಅನ್ನೋ ಹೆಸರು ಕೇಳಿದರೆ ನಮ್ಮ ಅವ್ವಂದಿರ ಬಾಯಿ ಆಟ ನೆನಪಾಗದೆ ಇರೋದಿಲ್ಲ.

ಕುಕನೂರು

ಹೊಳ್ಳಿ ಕುಕನೂರಿಗೆ ಬಂದರೆ ರಾಷ್ಟ್ರಕೂಟರ ಕಾಲದ ನವಲಿಂಗ ಗುಡಿ, ಮಹಾಮಾಯ ಗುಡಿ ಎರಡೂ ನೋಡುವಂಥವು. ಪುರಾಣಿಕರ ಮೊದಲ ಓದು ದ್ಯಾಂಪುರ ಮತ್ತು ಇದೇ ಕುಕನೂರಿನಲ್ಲಿ. ಮುಂದಿನ ಓದಿಗೆ ಕಲಬುರಗಿಗೆ ಹೋದರು. ಅಲ್ಲಿಂದ ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯ.

ಇಲ್ಲಿ ಒಂದು ಕಾಕತಾಳೀಯ ನೋಡ್ರಿ. ಉಸ್ಮಾನಿಯಾ ಶುರುವಾದದ್ದು 1918ರಲ್ಲಿ, ಕವಿ ಹುಟ್ಟಿದ ವರ್ಷವೇ. ಇಂಗ್ಲಿಷ್ ಬಿಟ್ಟು ಈ ದೇಶದ್ದೇ ಒಂದು ಭಾಷೆಯಲ್ಲಿ, ಅಂದರೆ ಉರ್ದುವಿನಲ್ಲಿ, ವಿಜ್ಞಾನ, ಕಾನೂನು, ಇಂಜಿನಿಯರಿಂಗ್ ತನಕ ಕಲಿಸಬೇಕೆಂದು ಹೊರಟ ವಿಶ್ವವಿದ್ಯಾಲಯ ಅದು. ಅದಕ್ಕಾಗಿ ಪಠ್ಯಪುಸ್ತಕಗಳನ್ನು ಅನುವಾದ ಮಾಡಲು ಬೇರೆ ಸಂಸ್ಥೆಯನ್ನೇ ಕಟ್ಟಿದ್ದರು. ತಾಂತ್ರಿಕ ವಿಷಯಕ್ಕೆ ನಮ್ಮ ಭಾಷೆ ಸಾಲೋದಿಲ್ಲ ಅಂತ ಇವತ್ತು ಕ್ಲಾಸಿನಲ್ಲಿ ಹೇಳುವವರಿಗೆ ಇದು ತಿಳಿದಿರಬೇಕು. ಆದರೆ ಇದರ ಇನ್ನೊಂದು ಮುಖವೂ ಇದೆ. ಸಂಸ್ಥಾನದ ಬಹುಪಾಲು ಜನ ತೆಲುಗು, ಮರಾಠಿ, ಕನ್ನಡ ಆಡುವವರು. ಅವರಿಗೆ ಉರ್ದುವೂ ಹೊರಗಿನಿಂದ ಕಲಿಯಬೇಕಾದ ಭಾಷೆಯೇ. ದ್ಯಾಂಪುರದ ಹುಡುಗ ಆ ಭಾಷೆ ಕಲಿತು, ಬಿ.ಎ. ಮತ್ತು ಕಾನೂನು ಪದವಿ ಪಡೆದರು. ಅದೇ ಹೈದರಾಬಾದಿನಲ್ಲಿ ಡಿ.ಕೆ. ಭೀಮಸೇನರಾಯರು ಕನ್ನಡ ಕಲಿಸುತ್ತಾ, ಊರು ಬಿಟ್ಟು ಬಂದ ಕನ್ನಡದ ಹುಡುಗರಿಗೆ ಆಸರೆಯಾಗಿದ್ದರು.

ನಮ್ಮ ಪರಿಸ್ಥಿತಿ ಬೇರೆ ಏನೈತಿ ಹೇಳ್ರಿ? ಮನೆಯಲ್ಲಿ ಕನ್ನಡ, ಲ್ಯಾಬ್ ರೆಕಾರ್ಡು, ವೈವಾ, ಪ್ಲೇಸ್‌ಮೆಂಟ್ ಎಲ್ಲಾ ಇಂಗ್ಲಿಷ್. ಅನ್ನ ಕೊಡುವ ಭಾಷೆ ಒಂದು, ಕನಸು ಬೀಳುವ ಭಾಷೆ ಇನ್ನೊಂದು. ಪುರಾಣಿಕರು ಉರ್ದುವನ್ನು ದ್ವೇಷ ಮಾಡಲಿಲ್ಲ, ಚೆನ್ನಾಗಿ ಕಲಿತರು. ಆದರೆ ಅದಕ್ಕಾಗಿ ಕನ್ನಡವನ್ನು ಬಿಡಲೂ ಇಲ್ಲ. ಈ ಎರಡನ್ನೂ ಒಟ್ಟಿಗೆ ಮಾಡಿದ್ದೇ ಅವರ ಬದುಕಿನಲ್ಲಿ ನನಗೆ ದೊಡ್ಡದಾಗಿ ಕಾಣೋದು.

ಇಟಗಿ

ಮಧ್ಯಾಹ್ನದ ಬುತ್ತಿ ಇಟಗಿಯ ಮಹಾದೇವ ದೇವಾಲಯದ ಹತ್ತಿರ ಬಿಚ್ಚೋಣ. ಕುಕನೂರಿನಿಂದ ಇದು ದೂರವಲ್ಲ. 1112ರಲ್ಲಿ ಮಹಾದೇವ ಎಂಬ ದಂಡನಾಯಕ ಕಟ್ಟಿಸಿದ ಗುಡಿ. ಇಲ್ಲಿನ ಶಾಸನವೇ ಇದನ್ನು ದೇವಾಲಯ ಚಕ್ರವರ್ತಿ ಅಂತ ಕರೆದಿದೆ. ಮೆಕ್ಯಾನಿಕಲ್ ಬ್ರ್ಯಾಂಚಿನವರು ಕಂಬಗಳ ಹತ್ತಿರ ಸ್ವಲ್ಪ ಹೊತ್ತು ನಿಲ್ಲಿ. ಲೇಥ್ ಮೇಲೆ ಇಟ್ಟು ತಿರುಗಿಸಿದ ಹಾಗೆ ನುಣುಪಾದ ಆ ಉಂಗುರಗಳನ್ನು ಕಲ್ಲಿನಲ್ಲಿ ತೆಗೆದದ್ದು ಹೆಂಗ ಅಂತ ತಲಿ ಕೆರಕೊಳ್ಳೋದು ಗ್ಯಾರಂಟಿ.

ಆಗ ಆಳುತ್ತಿದ್ದವನು ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯ. 1076ರಿಂದ ಐವತ್ತು ವರ್ಷ ಆಳಿದವನು. ಅವನ ಬಿರುದು ತ್ರಿಭುವನಮಲ್ಲ. ಪುರಾಣಿಕರು ಬರೆದ ಐತಿಹಾಸಿಕ ಕಾದಂಬರಿಯ ಹೆಸರೂ 'ತ್ರಿಭುವನಮಲ್ಲ'. ಸಣ್ಣವರಿದ್ದಾಗಿನಿಂದ ಇಂಥ ಗುಡಿಗಳ ನೆರಳಿನಲ್ಲಿ ಬೆಳೆದವರಿಗೆ, ಕನ್ನಡ ಒಂದು ಕಾಲಕ್ಕೆ ರಾಜ್ಯ ಆಳಿದ ಭಾಷೆ ಅನ್ನೋದನ್ನು ಬೇರೆಯವರು ಹೇಳಿಕೊಡಬೇಕಾಗಿರಲಿಲ್ಲ. ಕಲ್ಲಿನ ಮ್ಯಾಲೇ ಬರೆದಿತ್ತು.

ಯಲಬುರ್ಗಾ

ಯಲಬುರ್ಗಾದಲ್ಲಿ ತಹಸೀಲ್ದಾರ್ ಕಚೇರಿಯ ಮುಂದೆ ಒಂದೈದು ನಿಮಿಷ ನಿಲ್ಲೋಣ. ಅರ್ಜಿ, ನಕಲು, ಜಮೀನು, ವಸೂಲಿ, ಜಪ್ತಿ, ತಕರಾರು. ಇಲ್ಲಿ ಕಿವಿಗೆ ಬೀಳುವ ಇಂಥ ಮಾತೆಲ್ಲ ಪಾರ್ಸಿ, ಅರಬ್ಬಿಯಿಂದ ಬಂದು ಕನ್ನಡವೇ ಆಗಿ ಹೋದವು. ತಹಸೀಲ್ದಾರ ಅನ್ನೋ ಪದವೂ ಅಲ್ಲಿಂದಲೇ ಬಂದದ್ದು.

ಪುರಾಣಿಕರೂ ಹೈದರಾಬಾದ್ ಸಂಸ್ಥಾನದ ಸೇವೆಗೆ ಸೇರಿ ತಹಸೀಲ್ದಾರರಾದರು. ಒಂದು ಕಡೆ ಅಣ್ಣ ಸಂಸ್ಥಾನದ ನೌಕರಿಯಲ್ಲಿ. ಇನ್ನೊಂದು ಕಡೆ ತಮ್ಮ ಅನ್ನದಾನಯ್ಯ ಪುರಾಣಿಕರು ಹೈದರಾಬಾದ್ ವಿಮೋಚನೆಯ ಹೋರಾಟದಲ್ಲಿ. ಮುಂದೆ ವಕೀಲರಾಗಿ ಹೆಸರು ಮಾಡಿದವರು ಅವರು. ದೇಶಕ್ಕೆ 1947ರ ಆಗಸ್ಟ್ 15ಕ್ಕೆ ಸ್ವಾತಂತ್ರ್ಯ ಬಂದರೂ ನಮ್ಮ ಭಾಗಕ್ಕೆ ಬರಲಿಲ್ಲ. ಒಂದು ವರ್ಷದ ಮೇಲೆ ಒಂದು ತಿಂಗಳು ರಜಾಕಾರರ ಕಾಟ. ಗಡಿಯಾಚೆಯ ಮುಂಡರಗಿ, ಗಜೇಂದ್ರಗಡದಲ್ಲಿ ಹೋರಾಟಗಾರರ ಶಿಬಿರ. 1948ರ ಸೆಪ್ಟೆಂಬರ್ 17ಕ್ಕೆ ನಿಜಾಮರ ಆಳ್ವಿಕೆ ಮುಗಿದಾಗ ಸಿದ್ಧಯ್ಯನವರಿಗೆ ಮೂವತ್ತು ವರ್ಷ. ಒಂದೇ ಮನೆಯ ಇಬ್ಬರು ಮಕ್ಕಳು ಇಂಥ ಕಾಲದಲ್ಲಿ ಎರಡು ಕಡೆ ನಿಂತು ಬದುಕಬೇಕಾದ ಸಂಕಟ ಸಣ್ಣದಲ್ಲ. ಕೊಪ್ಪಳ, ರಾಯಚೂರು, ಕಲಬುರಗಿ, ಬೀದರಿನ ಎಷ್ಟೋ ಮನೆಗಳ ಕಥೆ ಇದು.

ಕುಷ್ಟಗಿ

ಯಲಬುರ್ಗಾದಿಂದ ಕುಷ್ಟಗಿಗೆ ಈಗ ರೈಲು ಹಳಿಯೂ ಬಂದಿದೆ. ತಳಕಲ್‌ನಿಂದ ಕುಕನೂರು, ಯಲಬುರ್ಗಾ ಹಾದು ಕುಷ್ಟಗಿಗೆ 2025ರಲ್ಲಿ ರೈಲು ಶುರುವಾಯಿತು. ಗದಗ–ವಾಡಿ ಮಾರ್ಗದ ಮೊದಲ ತುಂಡು ಇದು. ಸಿವಿಲ್‌ನವರು ನೋಡಲೇಬೇಕು. ಕುಷ್ಟಗಿ ಅಂದಾಗ ನೆನಪಿಡಬೇಕಾದ ಇನ್ನೊಂದು ಸಂಗತಿ ಇದೆ. ದೇಶದ ಮೊದಲ ಲೋಕಸಭಾ ಚುನಾವಣೆಯಲ್ಲಿ ಕುಷ್ಟಗಿಯೇ ಒಂದು ಕ್ಷೇತ್ರವಾಗಿತ್ತು. ಮುಂಡರಗಿ ಶಿಬಿರದ ಮುಂದಾಳು ಅಳವಂಡಿಯ ಶಿವಮೂರ್ತಿ ಸ್ವಾಮಿಗಳು ಇಲ್ಲಿಂದ ಪಕ್ಷೇತರರಾಗಿ ಗೆದ್ದು ದೆಹಲಿಗೆ ಹೋದರು.

1956ರ ನವೆಂಬರ್ 1ಕ್ಕೆ ಈ ಭಾಗ ಮೈಸೂರು ರಾಜ್ಯದೊಳಗೆ ಬಂತು. ಪುರಾಣಿಕರೂ ಹೊಸ ರಾಜ್ಯದ ಆಡಳಿತಕ್ಕೆ ಬಂದು, ಐಎಎಸ್ ಅಧಿಕಾರಿಯಾಗಿ ಬೆಳೆದು ನಿವೃತ್ತರಾದರು. ಹಗಲು ಫೈಲು, ರಾತ್ರಿ ಪದ್ಯ. 'ಜಲಪಾತ', 'ಕರುಣಾ ಶ್ರಾವಣ', 'ಮಾನಸ ಸರೋವರ' ಹೀಗೆ ಸಂಕಲನಗಳು ಬಂದವು. ಬಸವಣ್ಣನವರ ಕಾಲದ ಶರಣರ ಬದುಕನ್ನು ಗದ್ಯದಲ್ಲಿ ಹೇಳುವ 'ಶರಣ ಚರಿತಾಮೃತ' ಬಂತು. ದ್ಯಾಂಪುರದ ಮನೆಯ ಪುರಾಣ ಹೇಳುವ ಕಸುಬನ್ನು ಅವರು ಪುಸ್ತಕದ ರೂಪದಲ್ಲಿ ಮುಂದುವರಿಸಿದರು ಅಂತ ನನಗನಿಸುತ್ತದೆ. ಆಮೇಲೆ ತಾವೇ ವಚನ ಬರೆದರು. ಆ ಸಂಕಲನದ ಹೆಸರು 'ವಚನೋದ್ಯಾನ', ಅಂಕಿತ ಸ್ವತಂತ್ರಧೀರ ಸಿದ್ಧೇಶ್ವರ. ಆ ಅಂಕಿತದಲ್ಲಿ ಸ್ವತಂತ್ರ ಅನ್ನೋ ಪದ ಬಂದಿರೋದನ್ನು ಗಮನಿಸಿ. ಜಹಗೀರಿನ ಊರಲ್ಲಿ ಹುಟ್ಟಿದವರಿಗೆ ಅದರ ಬೆಲೆ ಗೊತ್ತಿತ್ತು.

1987ರಲ್ಲಿ ಕಲಬುರಗಿಯಲ್ಲಿ 58ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆಯಿತು. ಅಧ್ಯಕ್ಷರು ಸಿದ್ಧಯ್ಯ ಪುರಾಣಿಕರು. ಉರ್ದು ಆಳುತ್ತಿದ್ದ ಕಾಲದಲ್ಲಿ ಯಾವ ಊರಿಗೆ ಓದಾಕ ಹೋಗಿದ್ದರೋ, ಅದೇ ಊರಲ್ಲಿ ಅರವತ್ತೊಂಬತ್ತನೇ ವಯಸ್ಸಿಗೆ ಕನ್ನಡದ ಅತಿ ದೊಡ್ಡ ವೇದಿಕೆ ಹತ್ತಿದರು. 1993ರಲ್ಲಿ ಸಮ್ಮೇಳನ ನಮ್ಮ ಕೊಪ್ಪಳಕ್ಕೂ ಬಂತು, ಸಿಂಪಿ ಲಿಂಗಣ್ಣನವರ ಅಧ್ಯಕ್ಷತೆಯಲ್ಲಿ. ಮರುವರ್ಷ, 1994ರ ಸೆಪ್ಟೆಂಬರ್ 5ರಂದು, ಪುರಾಣಿಕರು ತೀರಿಕೊಂಡರು. ಕೊಪ್ಪಳ ಜಿಲ್ಲೆ ಆದದ್ದು 1997ರಲ್ಲಿ. ಹಾಗಾಗಿ ನಾವು ಹೆಮ್ಮೆಯಿಂದ ನಮ್ಮ ಜಿಲ್ಲೆಯ ಕವಿ ಅಂತೀವಲ್ಲ, ಅವರು ಆ ಜಿಲ್ಲೆಯನ್ನು ನೋಡಲೇ ಇಲ್ಲ. ಅವರಿಗೆ ಇದು ಕೊನೆತನಕ ರಾಯಚೂರು ಜಿಲ್ಲೆಯೇ.

ವಾಪಸ್ ಬರುವಾಗ

ಕುಷ್ಟಗಿಯಿಂದ ತಾವರಗೇರಾ, ಕನಕಗಿರಿ ಹಾದು ಗಂಗಾವತಿ ಸೇರಬಹುದು. ಕನಕಾಚಲಪತಿ ಗುಡಿ ನೋಡಾಕ ಹೊತ್ತು ಸಿಕ್ಕರೆ ಇಳೀರಿ. ಬಸ್ಸಿನಲ್ಲಿ ಕುಂತಾಗ ಒಂದು ಮಾತು ವಿಚಾರ ಮಾಡ್ರಿ. ನಾವು ಇಂಜಿನಿಯರ್ ಆಗಾಕ ಬಂದವರು. ಅವರು ಐಎಎಸ್ ಆಗಿದ್ದವರು. ನಮ್ಮ ಮನೆಯವರು ಕೈಮುಗಿದು ಬೇಡಿಕೊಳ್ಳುವ ಹುದ್ದೆ ಅದು. ಅಂಥ ಕುರ್ಚಿಯ ಮೇಲೆ ಕುಂತ ಮನುಷ್ಯ 'ಮೊದಲು ಮಾನವನಾಗು' ಅಂತ ಬರೆದರು. ಹುದ್ದೆ ಸಿಗದವರು ಆ ಮಾತು ಹೇಳಿದ್ದರೆ ಜನ ನಗ್ತಿದ್ದರೇನೋ. ಹುದ್ದೆಯ ರುಚಿ ಕಂಡವರು, ಜಪ್ತಿ ಹುಕುಮಿಗೆ ಸಹಿ ಹಾಕುವ ಅಧಿಕಾರ ಇದ್ದವರು, ಬಾಗಿಲಲ್ಲಿ ನಿಂತ ರೈತನ ಮುಖ ನೋಡಿದವರು ಹೇಳಿದ್ದಕ್ಕೆ ಅದಕ್ಕೆ ತೂಕ ಇದೆ.

ಹೋಗಿ ಬಂದ ಮೇಲೆ ಎರಡು ಕೆಲಸ ಮಾಡ್ರಿ. ನಿಮ್ಮ ಲೈಬ್ರರಿಯಲ್ಲಿ 'ವಚನೋದ್ಯಾನ' ಇದೆಯಾ ಕೇಳಿ, ಇಲ್ಲದಿದ್ದರೆ ತರಿಸಾಕ ಹೇಳಿ. ಮತ್ತೆ ನಿಮ್ಮ ಊರಿನ ಶಾಲೆಯ ಗೋಡೆ ಮ್ಯಾಲೆ ಆ ಕವಿತೆ ಹೆಸರಿಲ್ಲದೆ ನಿಂತಿದ್ದರೆ, ಹೆಡ್‌ಮಾಸ್ತರರನ್ನು ಕೇಳಿ ಒಂದು ಡಬ್ಬಿ ಬಣ್ಣ ತಂದು, ಕೆಳಗೆ ಬರೀರಿ: ಸಿದ್ಧಯ್ಯ ಪುರಾಣಿಕ, ದ್ಯಾಂಪುರ.