ಬೆರಳ ತುದಿಯಲ್ಲಿ ಅಕ್ಷರ: ಮರಿಯಾ ಮಾಂಟೆಸೊರಿ

ಮಕ್ಕಳೇ, ನೀವು ಮೊದಲ ಅಕ್ಷರ ಕಲಿತದ್ದು ಹೇಗೆ? ತಟ್ಟೆಯ ಅಕ್ಕಿಯಲ್ಲಿ ಬೆರಳಾಡಿಸಿಯೋ, ಸ್ಲೇಟಿನ ಮೇಲೆ ತಿದ್ದಿಯೋ? ಬೆರಳಿಗೂ ಓದಿಗೂ ಇರುವ ನಂಟನ್ನು ವಿಜ್ಞಾನಿಯ ಕಣ್ಣಿನಿಂದ ಗಮನಿಸಿದ ವೈದ್ಯೆಯ ಕಥೆ ಇಲ್ಲಿದೆ.

ಮರಿಯಾ ಮಾಂಟೆಸೊರಿ 1870ರ ಆಗಸ್ಟ್ 31ರಂದು ಇಟಲಿಯ ಕ್ಯಾರವಾಲೆ ಎಂಬ ಊರಿನಲ್ಲಿ ಹುಟ್ಟಿದರು. ಹುಡುಗಿಯರು ವೈದ್ಯರಾಗುವುದನ್ನು ಆಗಿನ ಸಮಾಜ ಒಪ್ಪುತ್ತಿರಲಿಲ್ಲ. ಆದರೂ ಹಟ ಹಿಡಿದು ರೋಮ್ ವಿಶ್ವವಿದ್ಯಾನಿಲಯ ಸೇರಿದರು. ಹುಡುಗರ ಜೊತೆ ಶವ ಪರೀಕ್ಷೆಯ ತರಗತಿಗೆ ಹೋಗಲು ಅವಕಾಶವಿರಲಿಲ್ಲ. ಎಲ್ಲರೂ ಹೋದ ಮೇಲೆ ಒಬ್ಬರೇ ಶವದ ಮುಂದೆ ನಿಂತು ಕಲಿತರು. 1896ರಲ್ಲಿ ವೈದ್ಯ ಪದವಿ ಪಡೆದರು.

ಬುದ್ಧಿ ಬೆಳವಣಿಗೆ ಕುಂಠಿತವಾದ ಮಕ್ಕಳನ್ನು ಆಗ ರೋಮ್‌ನಲ್ಲಿ ಮಾನಸಿಕ ರೋಗಿಗಳ ಜೊತೆ ಇಡುತ್ತಿದ್ದರು. ಇವರಿಗೆ ಓದು ಬರುವುದೇ ಇಲ್ಲ ಎಂದು ಜನ ಕೈಬಿಟ್ಟಿದ್ದರು. ಮರಿಯಾ ಕೈಬಿಡಲಿಲ್ಲ. ಫ್ರಾನ್ಸಿನ ವೈದ್ಯರಾದ ಇಟಾರ್ ಮತ್ತು ಸೆಗೆನ್ ಅವರ ಪುಸ್ತಕಗಳನ್ನು ಓದಿ, ಮುಟ್ಟಿ ಕಲಿಯುವಂತಹ ಮರದ ಅಕ್ಷರಗಳನ್ನು ಮಾಡಿಸಿದರು. ಆ ಮಕ್ಕಳಲ್ಲಿ ಕೆಲವರು ಓದು ಬರಹ ಕಲಿತು, ಸಾಮಾನ್ಯ ಶಾಲೆಯ ಮಕ್ಕಳ ಪರೀಕ್ಷೆಯಲ್ಲೇ ತೇರ್ಗಡೆಯಾದರು! ಎಲ್ಲರೂ ಹೊಗಳಿದರು. ಆದರೆ ಮರಿಯಾ ಅವರನ್ನು ಬೇರೆ ಪ್ರಶ್ನೆ ಕಾಡಿತು. ಹಾಗಾದರೆ ಆರೋಗ್ಯವಂತ ಮಕ್ಕಳು ಶಾಲೆಯಲ್ಲಿ ಏಕೆ ಇಷ್ಟೇ ಕಲಿಯುತ್ತಿದ್ದಾರೆ?

ಉತ್ತರ ಹುಡುಕಲು 1907ರ ಜನವರಿ 6ರಂದು ರೋಮ್‌ನ ಬಡವರ ಬಡಾವಣೆ ಸ್ಯಾನ್ ಲೊರೆಂಜೊದಲ್ಲಿ 'ಮಕ್ಕಳ ಮನೆ' ಶುರುವಾಯಿತು. ಮರದ ಅಕ್ಷರಗಳ ಬದಲು ಇಲ್ಲಿ ಮರಳು ಕಾಗದ ಬಂತು. ಬಡಗಿಗಳು ಮರವನ್ನು ಉಜ್ಜಿ ನುಣುಪು ಮಾಡುವ ಆ ಒರಟು ಕಾಗದದಿಂದ ಅಕ್ಷರಗಳನ್ನು ಕತ್ತರಿಸಿ ರಟ್ಟಿಗೆ ಅಂಟಿಸಿದರು. ಮಗು ಎರಡು ಬೆರಳಿನಿಂದ ಅಕ್ಷರವನ್ನು ಸವರುತ್ತಿತ್ತು. ಶಿಕ್ಷಕಿ ಅದರ ಧ್ವನಿ ಹೇಳುತ್ತಿದ್ದರು. ಕಣ್ಣು, ಕಿವಿ, ಬೆರಳು ಮೂರೂ ಒಟ್ಟಿಗೆ ಕಲಿಯುತ್ತಿದ್ದವು. ಬೆರಳು ದಾರಿ ತಪ್ಪಿದರೆ ನುಣುಪಾದ ರಟ್ಟು ತಗಲುತ್ತಿತ್ತು. ತಪ್ಪು ಮಗುವಿಗೇ ತಿಳಿಯುತ್ತಿತ್ತು, ಬೈಗುಳ ಬೇಕಿರಲಿಲ್ಲ. ಬೇಗ ಕಲಿತ ಮಗು ಮುಂದಿನ ಅಕ್ಷರಕ್ಕೆ ಹೋಗುತ್ತಿತ್ತು. ಇನ್ನೊಂದು ಮಗು ಅದೇ ಅಕ್ಷರವನ್ನು ಹತ್ತು ಸಲ ಸವರಬಹುದಿತ್ತು. ಬಿಡಿ ಅಕ್ಷರಗಳನ್ನು ಜೋಡಿಸಿ ಪದ ಕಟ್ಟುವ ಪೆಟ್ಟಿಗೆಯೂ ಅಲ್ಲಿತ್ತು.

ಚಳಿಗಾಲದ ಒಂದು ದಿನ. ಮಾಳಿಗೆಯ ಮೇಲೆ ಸುಮಾರು ಐದು ವರ್ಷದ ಹುಡುಗ ಸೀಮೆಸುಣ್ಣದಿಂದ ಹೊಗೆ ಕೊಳವೆಯ ಚಿತ್ರ ಬರೆಯುತ್ತಿದ್ದ. ಇದ್ದಕ್ಕಿದ್ದಂತೆ ತನಗೆ ಬರೆಯಲು ಬರುತ್ತದೆ ಎಂದು ಕೂಗಿದ. ನೆಲದ ಮೇಲೆ ಅವನು ಬರೆದ ಪದ ಮಾನೊ. ಇಟಲಿಯ ಭಾಷೆಯಲ್ಲಿ ಅದರ ಅರ್ಥ ಕೈ! ಅವನಿಗೆ ಯಾರೂ ಬರವಣಿಗೆ ಪಾಠ ಮಾಡಿರಲಿಲ್ಲ. ಸವರಿ ಸವರಿ ಅವನ ಕೈಯೇ ಅಕ್ಷರದ ದಾರಿ ಕಲಿತಿತ್ತು. ಮುಂದೆ ಮಕ್ಕಳು ಒಬ್ಬೊಬ್ಬರಾಗಿ ಬರೆಯತೊಡಗಿದರು, ನಂತರ ಓದತೊಡಗಿದರು.

ಮುಸೊಲಿನಿಯ ಆಡಳಿತದಲ್ಲಿ ಇಟಲಿಯ ಮಾಂಟೆಸೊರಿ ಶಾಲೆಗಳು ಮುಚ್ಚಿದವು. 1939ರಲ್ಲಿ ಮರಿಯಾ ಮದರಾಸಿನ ಅಡ್ಯಾರ್‌ಗೆ ಬಂದರು. ಮರುವರ್ಷ ಇಟಲಿ ಯುದ್ಧಕ್ಕಿಳಿದದ್ದರಿಂದ ಬ್ರಿಟಿಷ್ ಸರ್ಕಾರಕ್ಕೆ ಅವರು ಶತ್ರು ದೇಶದವರಾದರು. ಮರಳಿ ಹೋಗುವಂತಿರಲಿಲ್ಲ. ಆದರೂ ಅಡ್ಯಾರ್ ಮತ್ತು ಕೊಡೈಕೆನಾಲ್‌ಗಳಲ್ಲಿ ಇದ್ದು ನಮ್ಮ ದೇಶದ ಅನೇಕ ಶಿಕ್ಷಕರಿಗೆ ತರಬೇತಿ ಕೊಟ್ಟರು. 1952ರ ಮೇ 6ರಂದು ನೆದರ್ಲೆಂಡ್ಸ್‌ನಲ್ಲಿ ತೀರಿಕೊಂಡರು.

ಇಂದು ಕಂಪ್ಯೂಟರ್ ಮತ್ತು ಮೊಬೈಲ್‌ಗಳು ಅಕ್ಷರ ತಿದ್ದಿಸುತ್ತವೆ, ಧ್ವನಿ ಕೇಳಿಸುತ್ತವೆ, ಮಗುವಿನ ತಪ್ಪು ನೋಡಿ ಮುಂದಿನ ಪಾಠ ಕೊಡುತ್ತವೆ. ಯಂತ್ರ ಹೊಸದು. ಪ್ರತಿ ಮಗುವಿಗೂ ಅದರದೇ ವೇಗ ಎಂಬ ವಿಚಾರ ಮಾತ್ರ ನೂರು ವರ್ಷಕ್ಕೂ ಹಳೆಯದು.

ಮಾಡಿ ನೋಡಿ: ರಟ್ಟಿನ ಮೇಲೆ ಗೋಂದಿನಿಂದ ಪ, ವ, ಮ ಬರೆದು ಸಣ್ಣ ಮರಳು ಉದುರಿಸಿ ಒಣಗಿಸಿ. ಗೆಳೆಯನ ಕಣ್ಣಿಗೆ ಬಟ್ಟೆ ಕಟ್ಟಿ. ಬೆರಳಿನಿಂದಲೇ ಅಕ್ಷರ ಗುರುತಿಸಬಲ್ಲನೇ?